ಇರಾನ್ ಸಿನಿಮಾ: ಸಣ್ಣ ಕಥೆ, ದೊಡ್ಡ ಗೌರವ

ಸಿನಿಮಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಾಡು, ಕುಣಿತ, ಹೊಡೆದಾಟ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವಾಗ ಯಾವ ಗಳಿಗೆಯಲ್ಲಿ ರಿಮೋಟ್ ಹುಡುಕಬೇಕಾಗುತ್ತದೋ ಎಂಬ ಆತಂಕ ತಾಯಂದಿರಿಗೆ ಇದ್ದೇ ಇರುತ್ತದೆ. ಇವುಗಳ ಹಂಗಿಲ್ಲದೆ, ಮಕ್ಕಳ, ಬಡವರ, ಗಂಡ ಹೆಂಡಿರ ಸಾಮಾನ್ಯ ಕಥೆಗಳನ್ನೇ ಹೇಳಿ ಜಗತ್ತಿನ ಅತಿ ದೊಡ್ಡ ಪ್ರಶಸ್ತಿಗಳನ್ನು ಗೆದ್ದ ದೇಶವೊಂದಿದೆ. ಅದು ಇರಾನ್.

ಮುಂಬಯಿಯಲ್ಲಿ ಕಲಿತ ಮಾತು

ಇರಾನಿಗೆ ಸಿನಿಮಾ ಬಂದದ್ದು ಅರಮನೆಯ ಮೂಲಕ. 1900ರಲ್ಲಿ ಯುರೋಪ್ ಪ್ರವಾಸ ಹೋಗಿದ್ದ ದೊರೆ ಮುಝಫ್ಫರುದ್ದೀನ್ ಶಾ ಅಲ್ಲಿ ಚಲನಚಿತ್ರ ಕಂಡು ಬೆರಗಾಗಿ, ಕ್ಯಾಮರಾ ಕೊಳ್ಳುವಂತೆ ತನ್ನ ಛಾಯಾಗ್ರಾಹಕನಿಗೆ ಆಜ್ಞಾಪಿಸಿದ. ಜನರಿಗಾಗಿ ತಯಾರಾದ ಮೊದಲ ಕಥಾಚಿತ್ರ 'ಆಬಿ ಮತ್ತು ರಾಬಿ' ಬಂದದ್ದು 1930ರಲ್ಲಿ. ಅದು ಮೂಕಿ ಚಿತ್ರ.

ಫಾರಸಿ ಭಾಷೆಯ ಮೊದಲ ಮಾತಿನ ಚಿತ್ರ ತಯಾರಾದದ್ದು ಎಲ್ಲಿ ಗೊತ್ತೇ? ನಮ್ಮ ಮುಂಬಯಿಯಲ್ಲಿ! ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ತೆಗೆದ ಅರ್ದೇಶಿರ್ ಇರಾನಿ ಮತ್ತು ಅಬ್ದುಲ್ ಹುಸೇನ್ ಸೆಪಂತಾ ಸೇರಿ 1933ರಲ್ಲಿ 'ದುಖ್ತರೆ ಲೋರ್' ಎಂಬ ಚಿತ್ರ ಮಾಡಿದರು. ಟೆಹರಾನಿನಲ್ಲಿ ಜನ ಮುಗಿಬಿದ್ದು ನೋಡಿದರು. ಆದರೆ ಅದರ ನಾಯಕಿ ರೂಹಂಗೀಝ್ ಸಾಮಿನೆಝಾದ್ ಮಾತ್ರ ನಟಿಸಿದ ತಪ್ಪಿಗೆ ಜನರ ನಿಂದನೆ, ಕಿರುಕುಳ ಅನುಭವಿಸಿ, ಉಳಿದ ಬಾಳನ್ನು ಅಜ್ಞಾತವಾಗಿಯೇ ಕಳೆಯಬೇಕಾಯಿತು. ಚಿತ್ರವನ್ನು ಮೆಚ್ಚಿದ ಸಮಾಜವೇ ಆಕೆಯನ್ನು ದೂರವಿಟ್ಟಿತು.

ಕ್ಯಾಮರಾ ಹಿಂದೆ ಹೆಣ್ಣು

ಮೂವತ್ತು ವರ್ಷಗಳ ಬಳಿಕ ಇನ್ನೊಬ್ಬ ಮಹಿಳೆ ಕ್ಯಾಮರಾದ ಹಿಂದೆ ನಿಂತರು. ಕವಯಿತ್ರಿ ಫರೂಗ್ ಫರ್ರುಖ್‌ಝಾದ್ ತಬ್ರೀಝ್ ಬಳಿಯ ಕುಷ್ಠರೋಗಿಗಳ ಕಾಲನಿಗೆ ಹೋಗಿ 'ಮನೆ ಕಪ್ಪಾಗಿದೆ' ಎಂಬ ಸುಮಾರು ಇಪ್ಪತ್ತು ನಿಮಿಷಗಳ ಸಾಕ್ಷ್ಯಚಿತ್ರ ತೆಗೆದರು. ಜನ ಮುಖ ತಿರುಗಿಸಿಕೊಂಡು ಹೋಗುವವರನ್ನು ಅವರು ಮನುಷ್ಯರಾಗಿ ನೋಡಿದರು. ಅಲ್ಲಿನ ಒಬ್ಬ ಬಾಲಕನನ್ನು ದತ್ತು ಪಡೆದರು. 1963ರಲ್ಲಿ ಜರ್ಮನಿಯ ಒಬರ್‌ಹೌಸೆನ್ ಉತ್ಸವದಲ್ಲಿ ಈ ಚಿತ್ರಕ್ಕೆ ಪ್ರಶಸ್ತಿ ಬಂತು. ನಾಲ್ಕು ವರ್ಷಗಳ ನಂತರ ಫರೂಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ.

1969ರಲ್ಲಿ ದಾರಿಯುಷ್ ಮೆಹರ್‌ಜುಯಿ ಅವರ 'ಹಸು' ಬಂತು. ತನ್ನ ಒಂದೇ ಹಸುವನ್ನು ಕಳೆದುಕೊಂಡು ಬುದ್ಧಿಭ್ರಮಣೆಗೆ ಒಳಗಾಗುವ ಹಳ್ಳಿಗನ ಕಥೆಯದು. 1971ರಲ್ಲಿ ವೆನಿಸ್‌ನಲ್ಲಿ ಮೆಚ್ಚುಗೆ ಪಡೆದ ಈ ಚಿತ್ರ ಇರಾನಿನ ಹೊಸ ಅಲೆಗೆ ನಾಂದಿಯಾಯಿತು.

ಕ್ರಾಂತಿಯ ನಂತರ

1979ರ ಕ್ರಾಂತಿಯ ಬಳಿಕ ಸಿನಿಮಾ ಮುಗಿದೇ ಹೋಯಿತೆಂದು ಹಲವರು ಭಾವಿಸಿದ್ದರು. ಹಾಗಾಗಲಿಲ್ಲ. ಆದರೆ ಕಟ್ಟುಪಾಡುಗಳು ಬಂದವು. ಪರದೆಯ ಮೇಲೆ ಹೆಣ್ಣು ಮನೆಯೊಳಗಿನ ದೃಶ್ಯದಲ್ಲೂ ತಲೆ ಮುಚ್ಚಿರಬೇಕು, ನಟ ನಟಿಯರು ಪರಸ್ಪರ ಮುಟ್ಟಬಾರದು. ದಂಪತಿಗಳ ಬದುಕನ್ನು ಸಹಜವಾಗಿ ತೋರಿಸುವುದು ಕಷ್ಟವಾದಾಗ ಅನೇಕ ನಿರ್ದೇಶಕರು ಮಕ್ಕಳತ್ತ ತಿರುಗಿದರು. ಅಬ್ಬಾಸ್ ಕಿಯಾರೊಸ್ತಮಿಯ 'ಗೆಳೆಯನ ಮನೆ ಎಲ್ಲಿ?' (1987) ಚಿತ್ರದಲ್ಲಿರುವುದು ಇಷ್ಟೇ: ಸಹಪಾಠಿಯ ನೋಟ್‌ಪುಸ್ತಕ ತಪ್ಪಿ ತನ್ನ ಕೈಗೆ ಬಂದಿದೆ, ಹಿಂದಿರುಗಿಸದಿದ್ದರೆ ಅವನಿಗೆ ಶಾಲೆಯಲ್ಲಿ ಶಿಕ್ಷೆಯಾಗುತ್ತದೆ ಎಂದು ಹುಡುಗನೊಬ್ಬ ಊರೂರು ಓಡಾಡುತ್ತಾನೆ. ಇದೇ ಕಿಯಾರೊಸ್ತಮಿ 1997ರಲ್ಲಿ 'ಚೆರ್ರಿಯ ರುಚಿ' ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡರು.

ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ನಿಮ್ಮಲ್ಲಿ ಕೆಲವರು ನೋಡಿರಬಹುದು. ರಿಪೇರಿಗೆ ಕೊಂಡೊಯ್ದ ತಂಗಿಯ ಶೂಗಳನ್ನು ಅಲಿ ಕಳೆದುಬಿಡುತ್ತಾನೆ. ಬಾಡಿಗೆ ಕಟ್ಟಲಾಗದ ತಂದೆಗೆ ಹೇಳುವುದು ಹೇಗೆ? ಒಂದೇ ಜೊತೆ ಶೂ ಹಾಕಿಕೊಂಡು ಬೆಳಿಗ್ಗೆ ತಂಗಿ, ಮಧ್ಯಾಹ್ನ ಅಣ್ಣ ಶಾಲೆಗೆ ಓಡುತ್ತಾರೆ. ಒಂದು ದಿನ ತಂಗಿ ತನ್ನ ಶೂಗಳನ್ನು ಇನ್ನೊಬ್ಬ ಹುಡುಗಿಯ ಕಾಲಲ್ಲಿ ಕಾಣುತ್ತಾಳೆ. ಅಣ್ಣನೊಂದಿಗೆ ಆಕೆಯ ಮನೆಯ ತನಕ ಹೋಗುತ್ತಾಳೆ. ಆ ಹುಡುಗಿಯ ತಂದೆ ಕುರುಡನೆಂದು ಕಂಡಾಗ ಇಬ್ಬರೂ ಒಂದು ಮಾತನ್ನೂ ಆಡದೆ ಹಿಂದಿರುಗುತ್ತಾರೆ. ಇಂತಹ ಒಂದು ದೃಶ್ಯ ಎಷ್ಟು ಉಪದೇಶಕ್ಕೆ ಸಮ! ವಿದೇಶಿ ಚಿತ್ರಗಳ ಆಸ್ಕರ್ ಸ್ಪರ್ಧೆಗೆ ನಾಮಕರಣಗೊಂಡ ಮೊದಲ ಇರಾನಿ ಚಿತ್ರವಿದು. 2010ರಲ್ಲಿ ಇದು ಹಿಂದಿಯಲ್ಲಿ 'ಬಮ್ ಬಮ್ ಬೋಲೆ' ಆಗಿ ಬಂತು.

ಇನ್ನು ಸಮೀರಾ ಮಖ್ಮಲ್‌ಬಾಫ್. ತಂದೆ ವರ್ಷಗಟ್ಟಲೆ ಮನೆಯೊಳಗೆ ಕೂಡಿಹಾಕಿದ್ದ ಇಬ್ಬರು ಹೆಣ್ಣುಮಕ್ಕಳ ನಿಜ ಘಟನೆಯನ್ನು 'ಸೇಬು' (1998) ಎಂಬ ಚಿತ್ರವಾಗಿಸಿದಾಗ ಆಕೆಗೆ 17ರ ಪ್ರಾಯ. ಗಮನಿಸಿ, ತಂದೆಯನ್ನು ಆಕೆ ರಾಕ್ಷಸನಂತೆ ತೋರಿಸಲಿಲ್ಲ, ಅವನ ಭಯವನ್ನೂ ಕೇಳಿಸಿದಳು. 2000ದಲ್ಲಿ 'ಕಪ್ಪು ಹಲಗೆ' ಚಿತ್ರಕ್ಕಾಗಿ ಆಕೆ ಕಾನ್‌ನಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆದಳು. ರಖ್ಶಾನ್ ಬನಿ ಎತೆಮಾದ್ ನಗರದ ಬಡ ತಾಯಂದಿರ ಬವಣೆಯನ್ನು ದಶಕಗಳ ಕಾಲ ತೆರೆಗೆ ತಂದರು.

ಸುಳ್ಳು ಆಣೆ ಇಡದವಳು

ಅಸ್ಗರ್ ಫರ್ಹಾದಿಯವರ 'ಎ ಸೆಪರೇಷನ್' (2011) ಬರ್ಲಿನ್‌ನ ಚಿನ್ನದ ಕರಡಿಯನ್ನೂ, 2012ರಲ್ಲಿ ಇರಾನಿಗೆ ಮೊದಲ ಆಸ್ಕರನ್ನೂ ತಂದಿತು. ಗಂಡ ಹೆಂಡತಿ ಬೇರೆಯಾಗುತ್ತಾರೆ. ಮರೆವಿನ ಕಾಯಿಲೆಯ ಮಾವನನ್ನು ನೋಡಿಕೊಳ್ಳಲು ರಝಿಯಾ ಎಂಬ ಬಡ ಗರ್ಭಿಣಿ ಕೆಲಸಕ್ಕೆ ಬರುತ್ತಾಳೆ. ಪರಪುರುಷನಾದ ಆ ವೃದ್ಧನ ಬಟ್ಟೆ ಬದಲಾಯಿಸಬಹುದೇ ಎಂದು ಫೋನ್ ಮಾಡಿ ಧಾರ್ಮಿಕ ಸಲಹೆ ಕೇಳುವಷ್ಟು ಭಯಭಕ್ತಿಯವಳು. ಮುಂದೆ ಜಗಳವಾಗಿ ಆಕೆಯ ಗರ್ಭಪಾತವಾಗುತ್ತದೆ, ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. ಕೊನೆಗೆ ಪರಿಹಾರದ ಹಣ ಇನ್ನೇನು ಕೈಸೇರಬೇಕು, ಸಾಲಗಾರರು ಎದುರಲ್ಲೇ ಕುಳಿತಿದ್ದಾರೆ. ಮಾಲೀಕ ಒಂದೇ ಮಾತು ಕೇಳುತ್ತಾನೆ: ಕುರ್‌ಆನ್ ಮುಟ್ಟಿ ಹೇಳು. ತನ್ನ ಗರ್ಭ ಹೋದದ್ದು ಅವನಿಂದಲೇ ಎಂಬುದರಲ್ಲಿ ಆಕೆಗೆ ಸಂಶಯವಿದೆ. ಆಕೆ ಆಣೆ ಇಡುವುದಿಲ್ಲ.

ಗೌರವದ ಬೆಲೆ

ಈ ಗೌರವ ಸುಲಭದಲ್ಲಿ ಬಂದದ್ದಲ್ಲ. ಜಾಫರ್ ಪನಾಹಿಗೆ 2010ರಲ್ಲಿ ಆರು ವರ್ಷ ಜೈಲು, 20 ವರ್ಷ ಚಿತ್ರ ತೆಗೆಯದಂತೆ ನಿಷೇಧ ವಿಧಿಸಲಾಯಿತು. ಅವರು ತಾವೇ ಟ್ಯಾಕ್ಸಿ ಓಡಿಸುತ್ತಾ, ಅದರಲ್ಲೇ ಕ್ಯಾಮರಾ ಇಟ್ಟು 'ಟ್ಯಾಕ್ಸಿ' ತೆಗೆದರು. 2015ರಲ್ಲಿ ಬರ್ಲಿನ್‌ನಲ್ಲಿ ಅದು ಗೆದ್ದಾಗ ಪ್ರಶಸ್ತಿ ಸ್ವೀಕರಿಸಿದ್ದು ಅವರ ಪುಟ್ಟ ಸೊಸೆ. 2025ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿಯೂ ಅವರಿಗೆ ಸಂದಿತು. ಮುಹಮ್ಮದ್ ರಸೂಲೊಫ್ 2024ರಲ್ಲಿ ಶಿಕ್ಷೆಗೆ ಒಳಗಾಗಿ ದೇಶವನ್ನೇ ತೊರೆದರು.

ಹಣವಿದ್ದರೆ ಮಾತ್ರ ಒಳ್ಳೆಯ ಸಿನಿಮಾ ಎನ್ನುವವರಿಗೆ ಇರಾನ್ ಒಂದು ಉತ್ತರ. ಅಲ್ಲಿನ ಆಡಳಿತಗಾರರನ್ನು ಈ ಚಿತ್ರಗಳು ಕೆಲವೊಮ್ಮೆ ಕೆರಳಿಸಿರಬಹುದು. ಆದರೆ ಆ ನಾಡಿನ ಜನರ ಮಾನ, ಮಮತೆಗಳನ್ನು ಹೊರಜಗತ್ತಿಗೆ ತಲುಪಿಸಿದ್ದೂ ಇವೇ. ಮುಂದಿನ ರಜೆಯಲ್ಲಿ ಮಕ್ಕಳೊಂದಿಗೆ ಅಲಿ ಮತ್ತು ಅವನ ತಂಗಿಯ ಕಥೆ ನೋಡಿ. ಭಾಷೆ ತಿಳಿಯದು ಎಂಬ ಚಿಂತೆ ಬೇಡ. ಮುಗಿದ ಮೇಲೆ ಟಿವಿ ಆರಿಸಿ ಒಂದೇ ಪ್ರಶ್ನೆ ಕೇಳಿ: ಆ ಮನೆಯ ಬಾಗಿಲಿನಿಂದ ಅವರಿಬ್ಬರು ಸುಮ್ಮನೆ ಹಿಂದಿರುಗಿದ್ದೇಕೆ? ಮಕ್ಕಳ ಉತ್ತರ ನಿಮಗೆ ಅಚ್ಚರಿ ತಂದೀತು.