ನಾಲ್ಕರಲ್ಲೊಂದು ಟೈರ್

ಕಬ್ಬಿನ ಕಟಾವು ಶುರುವಾಯಿತೆಂದರೆ ಪಾಂಡವಪುರದ ಸುತ್ತಿನ ರಸ್ತೆಗಳಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿಗಳ ಸಾಲು. ಟಾರು ರಸ್ತೆಯಲ್ಲಿ ಭಾರ ಎಳೆಯುವ ಎತ್ತುಗಳಿಗೆ ಲಾಳ ಕಟ್ಟಿರುತ್ತಾರೆ. ಲಾಳ ಸವೆದು ಕಳಚಿದರೆ ಅದರ ಮೊಳೆ ರಸ್ತೆಯಲ್ಲೇ ಬೀಳುತ್ತದೆ. ನಾಗಮಂಗಲದ ಬೆದ್ದಲು ಸೀಮೆಗೆ ಹೋದರೆ ದಾರಿಯ ಬದಿಗೆ ಜಾಲಿ ಮುಳ್ಳು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡುವ ಕಡೆ ಹುಲ್ಲಿನಡಿ ಏನಿದೆಯೆಂದು ಕಾರಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಇಂಥದ್ದೊಂದು ಟೈರಿಗೆ ಹೊಕ್ಕರೆ ಬಹುಪಾಲು ಸಲ ಆ ಹೊತ್ತಿಗೆ ಏನೂ ಆಗುವುದಿಲ್ಲ. ನನಗೆ ಹೆದರಿಕೆ ಇರುವುದು ಇಂಥ ಪಂಚರ್ ಬಗ್ಗೆಯೇ.

ಟ್ಯೂಬ್ ಇದ್ದ ಕಾಲದಲ್ಲಿ ಮೊಳೆ ಚುಚ್ಚಿದರೆ ಟ್ಯೂಬ್ ಹರಿದು ಗಾಳಿ ಬೇಗ ಹೊರಟುಹೋಗುತ್ತಿತ್ತು. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿತ್ತು, ಗಾಡಿ ನಿಲ್ಲಿಸಿ ಸ್ಟೆಪ್ನಿ ಹಾಕದೆ ಬೇರೆ ದಾರಿ ಇರಲಿಲ್ಲ. ಈಗಿನ ಟ್ಯೂಬ್‌ಲೆಸ್ ಟೈರಿನಲ್ಲಿ ಹೊಕ್ಕ ಮೊಳೆಯೇ ತನ್ನ ತೂತನ್ನು ಮುಚ್ಚಿಕೊಂಡು ನಿಲ್ಲುತ್ತದೆ, ರಬ್ಬರ್ ಅದನ್ನು ಸುತ್ತಲಿಂದ ಅವುಚಿ ಹಿಡಿಯುತ್ತದೆ. ಗಾಳಿ ದಿನಕ್ಕೆ ಒಂದೋ ಎರಡೋ ಪಿಎಸ್‌ಐ ಇಳಿಯುತ್ತಾ ಹೋಗುತ್ತದೆ. ಮೊಳೆಯೇ ಇಲ್ಲದೆಯೂ ಹೀಗಾಗಬಹುದು: ರಿಮ್ಮಿನ ಅಂಚಿಗೆ ತುಕ್ಕು ಹಿಡಿದಿರಬಹುದು, ವಾಲ್ವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಬಣ್ಣವಿಲ್ಲದ ಹಂಪು ಹಾರಿ ರಿಮ್ ಸೊಟ್ಟಗಾಗಿರಬಹುದು. ಕಣ್ಣಿಗಂತೂ ಇದು ಸಿಗದು. ರೇಡಿಯಲ್ ಟೈರ್ ಸರಿಯಾಗಿ ಗಾಳಿ ತುಂಬಿದಾಗಲೂ ನೆಲದ ಹತ್ತಿರ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಏಳೆಂಟು ಪಿಎಸ್‌ಐ ಕಮ್ಮಿಯಾದರೂ ಆ ಉಬ್ಬು ನೋಡಿ ಹೇಳುವುದು ಕಷ್ಟ.

ಕಾರಿನ ತೂಕ ಹೊರುವುದು ಟೈರಿನೊಳಗಿನ ಗಾಳಿ. 1,200 ಕಿಲೋ ತೂಗುವ ಕಾರಿನಲ್ಲಿ ಒಂದೊಂದು ಚಕ್ರದ ಪಾಲು ಹೆಚ್ಚುಕಡಿಮೆ 300 ಕಿಲೋ. 33 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ. ಭಾಗಿಸಿದರೆ ಟೈರ್ ನೆಲ ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ದೊಡ್ಡವರೊಬ್ಬರ ಅಂಗೈಯಷ್ಟು. ಗಾಳಿ ಇಳಿದರೆ ಅದೇ ಭಾರಕ್ಕೆ ಈ ಜಾಗ ಹಿಗ್ಗಬೇಕು, ಅಂದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಇನ್ನಷ್ಟು ಮಡಚಿ ಬಿಚ್ಚಬೇಕು. ರಬ್ಬರ್ ತಾನು ಮಡಚುವಾಗ ಪಡೆದ ಶಕ್ತಿಯನ್ನೆಲ್ಲ ಬಿಚ್ಚುವಾಗ ಮರಳಿಸುವುದಿಲ್ಲ, ಒಂದು ಪಾಲು ಬಿಸಿಯಾಗಿ ಒಳಗೇ ಉಳಿಯುತ್ತದೆ. ಸಾಧಾರಣ ಅಳತೆಯ ಟೈರ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಬಿಸಿ ಹೊರಹೋಗುವುದಕ್ಕಿಂತ ಬೇಗ ಸೇರಿಕೊಂಡರೆ ಉಕ್ಕಿನ ಎಳೆಗಳ ಪದರ ರಬ್ಬರಿನಿಂದ ಬಿಡತೊಡಗುತ್ತದೆ, ಕೊನೆಗೆ ಟೈರ್ ಸಿಡಿಯುತ್ತದೆ.

ನಮ್ಮ ಕಡೆಯವರಿಗೆ ಇದು ಹಿಂದೆಂದಿಗಿಂತ ಮುಖ್ಯವಾಗಿದೆ. ಹಳೆಯ ಬೆಂಗಳೂರು ರಸ್ತೆಯಲ್ಲಿ ಮಂಡ್ಯದ ಸಿಗ್ನಲ್, ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದ ಪೇಟೆ, ಹೀಗೆ ನಿಂತು ನಿಂತು ಹೋಗುವಾಗ ಟೈರಿಗೂ ಆರುವುದಕ್ಕೆ ಪುರುಸೊತ್ತು ಸಿಗುತ್ತಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಶ್ರೀರಂಗಪಟ್ಟಣವೂ ಸೇರಿ ಈ ಊರುಗಳನ್ನೆಲ್ಲ ಬೈಪಾಸ್ ಮಾಡುತ್ತದೆ. ಬೆಂಗಳೂರು–ಮೈಸೂರಿನ 119 ಕಿ.ಮೀ. ದಾರಿಯಲ್ಲಿ ಚಕ್ರ ಸುಮಾರು 60 ಸಾವಿರ ಸುತ್ತು ತಿರುಗುತ್ತದೆ, ಅದೂ ಬಹುಮಟ್ಟಿಗೆ ಒಂದೇ ಬಿರುಸಿನಲ್ಲಿ. ಪೇಟೆಯೊಳಗೆ ಓಡಾಡುವಾಗ ವಾರಗಟ್ಟಲೆ ತೊಂದರೆ ಕೊಡದ ಸಣ್ಣ ಸೋರಿಕೆ ಅಲ್ಲಿ ಒಂದೇ ಗಂಟೆಯಲ್ಲಿ ಬೇರೆಯೇ ರೂಪ ತಾಳಬಹುದು.

ಹಾಗಾದರೆ ಗಾಳಿ ಅಳೆದರೆ ಸಾಕಲ್ಲ? ಅಳೆಯಬೇಕು, ಆದರೆ ಸಿಕ್ಕ ಅಂಕಿಯನ್ನು ಹಾಗೇ ನಂಬುವಂತಿಲ್ಲ. ರಬ್ಬರಿನ ಮೂಲಕವೇ ಗಾಳಿ ಜಿನುಗುವುದರಿಂದ ಆರೋಗ್ಯವಾಗಿರುವ ಟೈರ್ ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಒಳಗಡೆ ಬ್ಯೂಟೈಲ್ ಜಾತಿಯ ರಬ್ಬರಿನ ಪದರ ಇರುವುದರಿಂದ ಇಷ್ಟಕ್ಕೆ ನಿಂತಿದೆ. ಜೊತೆಗೆ ಹವೆ: ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿಯಲ್ಲಿ 33 ತುಂಬಿಸಿದ ಟೈರ್, ಒಂದು ತೊಟ್ಟೂ ಸೋರದಿದ್ದರೂ, ಜನವರಿಯ 15 ಡಿಗ್ರಿ ಮುಂಜಾವಿನಲ್ಲಿ 30ಕ್ಕಿಂತ ಕಡಿಮೆ ತೋರಿಸುತ್ತದೆ. ಎತ್ತರದ ಲೆಕ್ಕವೂ ಇದೆ. ಕೆ.ಆರ್. ಪೇಟೆಯ ಹಳ್ಳಿಗಳಿಂದ ಮುಂಬೈಗೆ ದುಡಿಯಲು ಹೋದವರು ಬಹಳ, ಹಬ್ಬಕ್ಕೋ ಜಾತ್ರೆಗೋ ಕಾರಿನಲ್ಲೇ ಊರಿಗೆ ಬರುವವರೂ ಇದ್ದಾರೆ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಎಂಬುದನ್ನು. ಕಡಲ ಮಟ್ಟದ ಮುಂಬೈಯಿಂದ ಸುಮಾರು 800 ಮೀಟರ್ ಎತ್ತರದ ಊರಿಗೆ ಬಂದರೆ ಹೊರಗಿನ ಒತ್ತಡ ಇಳಿದು, ಗೇಜಿನ ಮುಳ್ಳು ಒಂದು ಪಿಎಸ್‌ಐಗೂ ತುಸು ಮೇಲೇರುತ್ತದೆ. ಬರುವ ದಾರಿಯಲ್ಲಿ ಅಷ್ಟೇ ಗಾಳಿ ಸೋರಿದ್ದರೆ ಗೊತ್ತೇ ಆಗುವುದಿಲ್ಲ.

ಒಂದು ಸಮಾಧಾನವಿದೆ. ಚಳಿ, ಬಿಸಿಲು, ಎತ್ತರ ಇವು ನಾಲ್ಕೂ ಟೈರಿಗೆ ಒಂದೇ ಸಮ. ಮೊಳೆ ಮಾತ್ರ ಒಂದಕ್ಕೆ. ಆದ್ದರಿಂದ ಟೈರಿನ ಅಂಕಿಯನ್ನು ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯೊಂದಿಗೆ ಮಾತ್ರ ಹೋಲಿಸಿದರೆ ಸಾಲದು, ಅದೇ ಆಕ್ಸಲ್ಲಿನ ಜೋಡಿ ಟೈರಿನೊಂದಿಗೂ ಹೋಲಿಸಬೇಕು. ಇವತ್ತು ಎಡ ಮುಂಗಾಲಿ 32, ಬಲ 33. ಎರಡು ದಿನ ಬಿಟ್ಟು 30, 33. ಅಷ್ಟು ಸಾಕು, ಎಡಗಡೆ ಏನೋ ಇದೆ. ಅಳೆಯುವುದು ಬೆಳಗಿನ ಹೊತ್ತು, ಕಾರು ಹೊರಡುವ ಮುಂಚೆ. ಬಿಸಿಲಿನಲ್ಲಿ ನಿಂತ ಕಾರಿನ ಒಂದು ಪಕ್ಕ ಕಾದು, ಇನ್ನೊಂದು ಪಕ್ಕ ನೆರಳಲ್ಲಿದ್ದರೆ ಈ ಹೋಲಿಕೆಯೂ ಕೆಡುತ್ತದೆ.

ಟೈರಿನ ಗಾಳಿಯ ಮೇಲೆ ನಿಗಾ ಇಡುವ ವ್ಯವಸ್ಥೆ ಕೆಲವು ಕಾರುಗಳಲ್ಲೇ ಇರುತ್ತದೆ, ಅದರಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಒತ್ತಡ ಅಳೆಯುವ ಸಾಧನವೇ ಇಲ್ಲ. ಬ್ರೇಕಿನ ಎಬಿಎಸ್‌ಗೆಂದು ನಾಲ್ಕೂ ಚಕ್ರಗಳ ವೇಗ ಎಣಿಸುವ ಸೆನ್ಸರುಗಳು ಹೇಗೂ ಇವೆ. ಗಾಳಿ ಇಳಿದ ಚಕ್ರದ ವ್ಯಾಸ ಕೂದಲೆಳೆಯಷ್ಟು ಕಿರಿದಾಗಿ, ಅದೇ ದೂರಕ್ಕೆ ಸ್ವಲ್ಪ ಹೆಚ್ಚು ಸುತ್ತುತ್ತದೆ. ಕಂಪ್ಯೂಟರ್ ಆ ವ್ಯತ್ಯಾಸ ಹಿಡಿಯುತ್ತದೆ. ಅಗ್ಗದ ಉಪಾಯ, ಆದರೆ ನಾಲ್ಕೂ ಒಟ್ಟಿಗೆ ಇಳಿದರೆ ಚಕ್ರಗಳ ಹೋಲಿಕೆಯಿಂದ ಏನೂ ತಿಳಿಯದು. ಗಾಳಿ ತುಂಬಿಸಿದ ಮೇಲೆ ರೀಸೆಟ್ ಒತ್ತದಿದ್ದರೆ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ.

ಎರಡನೆಯ ಬಗೆಯಲ್ಲಿ ರಿಮ್ಮಿನ ಒಳಗೆ, ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ ಕೂತಿರುತ್ತದೆ. ಅದರಲ್ಲಿ ತೆಳುವಾದ ಸಿಲಿಕಾನ್ ಪೊರೆ, ಪೊರೆಯ ಒಂದು ಕಡೆ ನಿರ್ವಾತ, ಇನ್ನೊಂದು ಕಡೆ ಟೈರಿನ ಗಾಳಿ. ಒತ್ತಡಕ್ಕೆ ಪೊರೆ ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಅಳತೆಯನ್ನು ಡಬ್ಬಿ ರೇಡಿಯೋ ತರಂಗದಲ್ಲಿ ಡ್ಯಾಶ್‌ಬೋರ್ಡಿಗೆ ಕಳಿಸುತ್ತದೆ. ಬ್ಯಾಟರಿ ಉಳಿಸಲು ಕಾರು ನಿಂತಾಗ ಮಲಗಿರುತ್ತದೆ, ಚಕ್ರ ತಿರುಗಿದಾಗ ಏಳುತ್ತದೆ. ಹಾಗಾಗಿ ಬೆಳಿಗ್ಗೆ ಕಾರು ಹೊರಡಿಸಿದೊಡನೆ ಕೆಲವು ಕಾರುಗಳ ಪರದೆಯಲ್ಲಿ ಅಂಕಿಯ ಬದಲು ಬರೀ ಗೀಟು. ಟೈರ್ ಗಾಳಿಯ ನಿಗಾ 1986ರಲ್ಲೇ ಪೋರ್ಷೆ 959 ಕಾರಿಗೆ ಬಂದಿತ್ತು. ಅಮೆರಿಕದಲ್ಲಿ ಟೈರ್ ಪದರ ಕಿತ್ತುಬಂದ ಸರಣಿ ಅಪಘಾತಗಳ ನಂತರ 2000ದಲ್ಲಿ ಕಾನೂನಾಗಿ, ಮುಂದೆ ಅಲ್ಲಿನ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲಿ 2020ರ ಜುಲೈ ತಿದ್ದುಪಡಿಯ ಪ್ರಕಾರ ಟ್ಯೂಬ್‌ಲೆಸ್ ಟೈರ್, ಈ ನಿಗಾ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಬೇಕೇಬೇಕೆಂದಿಲ್ಲ. ರಾತ್ರಿ ಹೊತ್ತು ನಾಗಮಂಗಲದ ಒಳದಾರಿಗಳಲ್ಲಿ ಓಡಾಡುವವರು ಸ್ಟೆಪ್ನಿ ಇಟ್ಟುಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅಮೆರಿಕದ ನಿಯಮದಲ್ಲಿ ಡ್ಯಾಶ್‌ಬೋರ್ಡಿನ ಹಳದಿ ಎಚ್ಚರಿಕೆ ದೀಪ ಹೊತ್ತಬೇಕಾದ್ದು ಒತ್ತಡ ನಾಲ್ಕನೇ ಒಂದು ಪಾಲು ಇಳಿದಾಗ. 33ಕ್ಕೆ ಲೆಕ್ಕ ಹಾಕಿದರೆ ಸುಮಾರು 25. ದಿನಕ್ಕೆ ಒಂದೂವರೆ ಇಳಿಯುವ ಟೈರ್ ಅಲ್ಲಿಗೆ ಮುಟ್ಟುವ ಹೊತ್ತಿಗೆ ಐದು ದಿನ ಕಳೆದಿರುತ್ತದೆ. ಅಷ್ಟರಲ್ಲಿ ಓಡಾಟದ ಬಿಸಿಗೆ ಮೂರ್ನಾಲ್ಕು ಪಿಎಸ್‌ಐ ಏರಿ 27 ಇದ್ದದ್ದು 30 ಎಂದೇ ಕಾಣುತ್ತದೆ. ಬೆಳಿಗ್ಗೆ ಚಳಿಗೆ ಹೊತ್ತಿಕೊಂಡ ದೀಪ ಮಧ್ಯಾಹ್ನಕ್ಕೆ ಆರಿದರೆ ಎಷ್ಟೋ ಜನ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಗಾಳಿ ಇಳಿಯುತ್ತಿರುವ ಟೈರಿನ ಮೊದಲ ಕುರುಹು ಅದೇ ಆಗಿರಬಹುದು.

ಅನುಮಾನ ಬಂದರೆ ಪಂಚರ್ ಅಂಗಡಿಗೆ. ಮೊಳೆ ಕಣ್ಣಿಗೆ ಬಿದ್ದರೂ ಕೀಳಬಾರದು. "ಕಿತ್ತಾಕ್ಬುಟ್ರೆ ಅಲ್ಲೇ ಕೂತ್ಕಬೇಕಾಯ್ತದೆ ಸ್ವಾಮಿ, ಹಂಗೇ ತಗಂಡ್ ಬನ್ನಿ" ಅನ್ನುತ್ತಾರೆ ಅಂಗಡಿಯವರು, ಅದು ಸರಿಯಾದ ಮಾತು. ಮೊಳೆ ಸಿಗದಿದ್ದರೆ ವಾಲ್ವಿಗೆ ಎಂಜಲು ಹಚ್ಚಿ, ರಿಮ್ಮಿನ ಸುತ್ತ ಸೋಪಿನ ನೀರು ಬಳಿದು ಗುಳ್ಳೆ ನೋಡಿಸಬೇಕು; ತೊಟ್ಟಿಗೆ ಮುಳುಗಿಸಿದರೆ ಇನ್ನೂ ಖಚಿತ. ಹೊರಗಿನಿಂದ ತುರುಕುವ ಸ್ಟ್ರಿಪ್ ಊರು ಮುಟ್ಟಲು ಸಾಕು, ಎಕ್ಸ್‌ಪ್ರೆಸ್‌ವೇಗೆ ಹೋಗುವವರು ಟೈರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಿಸಿಕೊಳ್ಳಲಿ. ಗಾಯ ಪಕ್ಕದ ಗೋಡೆಯಲ್ಲಿದ್ದರೆ ಪ್ಯಾಚಿಗೆ ಅವಕಾಶವಿಲ್ಲ, ಟೈರೇ ಬದಲಾಗಬೇಕು. ಪಂಚರ್ ಹಾಕಿಸಿದ ಮೇಲೂ ಎರಡು ಮೂರು ಬೆಳಗು ಆ ಟೈರನ್ನು ಅದರ ಜೋಡಿಯೊಂದಿಗೆ ಅಳೆದು ನೋಡಿ. ಒಂದೇ ಟೈರಿಗೆ ಎರಡು ಮೊಳೆ ಹೊಕ್ಕಿರುವುದು ಕಬ್ಬಿನ ದಿನಗಳಲ್ಲಿ ಹೊಸದೇನಲ್ಲ.