ಅಲುಗು ಅಲುಗಾಡಿದರೆ

ಪೀಣ್ಯದ ಒಂದು ಪ್ಯಾಕಿಂಗ್ ಮೇಜು. ದಿನವಿಡೀ ರಟ್ಟು, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿದ ಮಡಚುವ ಚಾಕು. ಅಲುಗನ್ನು ಬೆನ್ನಿನ ಕಡೆಯಿಂದ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ 'ಟಿಕ್' ಎನ್ನುತ್ತದೆ. ಫಿಟ್ಟರ್ ಮಾತಿನಲ್ಲಿ, ಪ್ಲೇ ಬಂದಿದೆ, ಅಂದರೆ ಸಡಿಲವಾಗಿದೆ.

ಯಾವ ದಿಕ್ಕಿಗೆ ಆಡುತ್ತದೆ? ಅರ್ಧ ಉತ್ತರ ಅಲ್ಲೇ ಇದೆ.

ಎಡಬಲಕ್ಕೆ ಆಡಿದರೆ ಪಿವಟ್ ಸ್ಕ್ರೂ ಸಡಿಲ, ಇಲ್ಲವೇ ಒಳಗಿನ ವಾಷರ್ ಸವೆದಿದೆ. ಮೇಲೆ ಕೆಳಗೆ ಆಡಿದರೆ ಹೆಚ್ಚಾಗಿ ದೋಷ ತೆರೆದ ಅಲುಗನ್ನು ಹಿಡಿದಿಡುವ ಲಾಕಿನದು. ಸ್ಕ್ರೂ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಅಂಥ ಚಾಕುವಿನ ಮೇಲೆ ಭಾರ ಹಾಕಲೇಬಾರದು. ಲಾಕ್ ಜಾರಿದರೆ ಅಲುಗು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ.

ಎಡಬಲಕ್ಕೆ ಆಡುವುದಾದರೆ ಸ್ಕ್ರೂ ಬಿಗಿಯಬೇಕು. ಅದರ ತಲೆ ಸಾಮಾನ್ಯವಾಗಿ ಆರು ಮೂಲೆಯ ನಕ್ಷತ್ರ: ಟಾರ್ಕ್ಸ್. ಹೆಚ್ಚಾಗಿ ಟಿ8 ಅಥವಾ ಟಿ10. ಅಳತೆ ತಪ್ಪಿದ ಬಿಟ್ ಹಾಕಿದರೆ ತಲೆಯೇ ಸವೆದುಹೋಗುತ್ತದೆ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ ತಿರುಗಿಸಿ, ಮಡಚಿ, ತೆರೆದು ನೋಡಬೇಕು. ಮಡಚಿದಾಗ ಅಲುಗು ನಟ್ಟನಡುವೆ ಕೂತು, ತೆರೆದಾಗ ಸರಾಗವಾಗಿ ಬಂದು, ಅಲ್ಲಾಡದೆ ನಿಂತರೆ ಅದೇ ಹದ.

ಆಗಲೂ ಗರಗರ ಎಂದರೆ ಬಿಚ್ಚಬೇಕು. ಗ್ರೈಂಡಿಂಗ್ ಶೆಡ್ಡಿನ ಲೋಹದ ಪುಡಿ ಎಣ್ಣೆಗೆ ಅಂಟಿ ವಾಷರನ್ನು ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ವಾಷರಿಗೆ ಒಂದೇ ಹನಿ ತೆಳು ಎಣ್ಣೆ.

ಸ್ಕ್ರೂ ಪದೇ ಪದೇ ಸಡಿಲವಾಗುತ್ತಿದ್ದರೆ, ಎಣ್ಣೆ ತಾಗದ ಥ್ರೆಡ್ಡಿಗೆ ಸ್ಕ್ರೂ ಹಿಡಿದಿಡುವ ಅಂಟು, ನೀಲಿ ಲಾಕ್‌ಟೈಟ್ 243, ಸೂಜಿಮೊನೆಯಷ್ಟು. ಕೆಂಪು ಬೇಡ, ಬಿಸಿ ಮಾಡದೆ ಅದು ಬಿಡುವುದಿಲ್ಲ. ಪೂರ್ತಿ ಗಟ್ಟಿಯಾಗಲು 24 ಗಂಟೆ ಚಾಕುವನ್ನು ಮುಟ್ಟದೆ ಬಿಡಬೇಕು.