ಕೊಂಬೆ ಮೇಲಿನ ದಾರಿ

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. ಅಲ್ಲಿ ನಡುಹಗಲಲ್ಲೂ ಬಿಸಿಲು ನೆಲ ಮುಟ್ಟುವುದು ಅಪರೂಪ. ಕಾಲಡಿಯ ಕೆಸರಿನಿಂದ ಮಡಚಿದ ಮೊಣಕಾಲಿನಂತೆ ಬೇರುಗಳು ಎದ್ದಿರುತ್ತವೆ. ಇವು ಜಾಯಿಕಾಯಿಯ ಬಳಗದ ಮರಗಳು. ಸದಾ ನೀರು ನಿಂತ ನೆಲದಲ್ಲಿ ಉಸಿರಾಡಲೆಂದು ಬೇರನ್ನೇ ಹೊರಚಾಚುತ್ತವೆ. ಇದೇ ಜೌಗಿನಲ್ಲಿ ಪತ್ತೆಯಾದ ಮರವೊಂದಕ್ಕೆ 2000ದಲ್ಲಿ ವಿಜ್ಞಾನಿಗಳು ಈ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ತಲೆಯೆತ್ತಿ ಕಾದರೆ, ಅದೃಷ್ಟವಿದ್ದರೆ, ಎಲೆಗಳ ಸಂದಿಯಲ್ಲಿ ಕರಿ ಮೈ, ಮುಖದ ಸುತ್ತ ಬೂದು ಕೇಸರ, ತುದಿಗೆ ಕುಚ್ಚು ಕಟ್ಟಿದ ಬಾಲ ಕಂಡೀತು. ಅದೇ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದು ಇಲ್ಲ.

ನೆಲಕ್ಕಿಳಿಯುವುದೆಂದರೆ ಸಿಂಗಳೀಕಕ್ಕೆ ಒಗ್ಗದು. ಅದರ ಊಟ, ನಿದ್ದೆ, ಓಡಾಟ ಎಲ್ಲವೂ ಮರದ ಮೇಲೆಯೇ. ಹಾಗಾಗಿ ಕೊಂಬೆಗೆ ಕೊಂಬೆ ತಾಗಿರುವಷ್ಟು ದೂರವೇ ಅದರ ಕಾಡು. ಇಂಥ ಪ್ರಾಣಿಗೆ ತುಂಡು ತುಂಡು ರಕ್ಷಣೆ ಸಾಲದು. 1972ರ ಶರಾವತಿ ಕಣಿವೆ ಅಭಯಾರಣ್ಯಕ್ಕೆ 2011ರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲನ್ನೂ ಅಕ್ಕಪಕ್ಕದ ಕಾಡುಗಳನ್ನೂ ಸೇರಿಸಿ, 2019ರಲ್ಲಿ ಸುಮಾರು 930 ಚದರ ಕಿ.ಮೀ. ವಿಸ್ತಾರದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರೂಪಿಸಿದ್ದು ಅದಕ್ಕೇ ದೊಡ್ಡ ಹೆಜ್ಜೆ.

ಆದರೆ ಈ ಕಾಡಿನಲ್ಲಿ ಮನುಷ್ಯರ ಬದುಕೂ ಹೆಣೆದುಕೊಂಡಿದೆ. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯನ್ನೇ ನೋಡಿ. ಅದರ ಹುಳಿ ಸಿಪ್ಪೆಗೆ ಮಾರುಕಟ್ಟೆಯಿದೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಸಿಂಗಳೀಕಕ್ಕೂ ಅದು ಮುಖ್ಯ ಆಹಾರ. ಪೈಪೋಟಿಗೆ ಬಿದ್ದು ಕಾಯಿರುವಾಗಲೇ ಕೊಯ್ದರೆ, ಟೊಂಗೆ ಕಡಿದರೆ ಕೋತಿಗೆ ಉಪವಾಸ, ಮರಕ್ಕೂ ಪೆಟ್ಟು. ಹಣ್ಣು ತಾನಾಗಿ ಮಾಗುವವರೆಗೆ ಕಾದು, ಮರದಲ್ಲಿ ಒಂದಿಷ್ಟು ಬಿಟ್ಟು ಕೊಯ್ಯುವ ಮನೆಯವರು ಅರಣ್ಯ ಕಾವಲಿನಷ್ಟೇ ದೊಡ್ಡ ಕೆಲಸ ಮಾಡುತ್ತಿದ್ದಾರೆ.

ಸಹನೆಗೆ ಮೀರಿದ ಪೆಟ್ಟುಗಳು ಬೇರೆ ಇವೆ. ರಸ್ತೆ ಅಗಲೀಕರಣ, ವಿದ್ಯುತ್ ಮಾರ್ಗ, ಇದೇ ಕಣಿವೆಗೆ ಯೋಜಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಕಡಿಯುವ ಮರಗಳನ್ನು ಲೆಕ್ಕಹಾಕಿ ಬೇರೆಡೆ ಸಸಿ ನೆಡಬಹುದು. ಆ ಸಸಿಗಳು ಇಲ್ಲಿ ಕಡಿದ ದಾರಿಯನ್ನು ಮತ್ತೆ ಕೂಡಿಸವು. ಕತ್ತಲೆಕಾನಿನಲ್ಲಿ ಬಿಸಿಲು ಧಾರಾಳವಾಗಿ ನೆಲಕ್ಕೆ ಬಿತ್ತೆಂದರೆ, ಮೇಲೆ ಸಿಂಗಳೀಕದ ದಾರಿ ಹರಿಯಿತೆಂದೇ ತಿಳಿಯಬೇಕು.